6ವಿ6–807 ವಾಲ್ವ್ ಟ್ರಾನ್ಸ್‌ಮಿಟರ್: ಗ್ರಿಡ್ ಮೀಟರಿನ ಸೂಜಿ ಹಿಂದಕ್ಕೆ ಹೋಗುತ್ತದೆ, 807ರ ಪ್ಲೇಟ್ ಕೆಂಪಾಗುತ್ತದೆ

ಪೆರ್ಲ_ಹಳೆಮನೆ ಕೇಳಿದ್ದು:

ಮಾನ್ಯರೇ,

ನನ್ನ ದೊಡ್ಡಪ್ಪ ಕೈಯಾರೆ ಕಟ್ಟಿದ ಹ್ಯಾಮ್ (ಹವ್ಯಾಸಿ) ರೇಡಿಯೋ ಟ್ರಾನ್ಸ್‌ಮಿಟರ್ ಒಂದು ಪೆರ್ಲದ ಹತ್ತಿರದ ನಮ್ಮ ಹಳೆಮನೆಯ ಅಟ್ಟದಲ್ಲಿ ಬಹುಕಾಲದಿಂದ ಬಿದ್ದಿತ್ತು. ಅದನ್ನು ಮತ್ತೆ ನಡೆಯುವಂತೆ ಮಾಡಬೇಕೆಂದು ಕೆಳಗಿಳಿಸಿದ್ದೇನೆ. ಹ್ಯಾಮ್ ಪರವಾನಗಿ ನನಗಿದೆ. ಆದರೆ ಇದುವರೆಗೆ ನಾನು ಬಳಸಿದ್ದು ಟ್ರಾನ್ಸಿಸ್ಟರ್ ಸೆಟ್ಟುಗಳನ್ನು ಮಾತ್ರ, ವಾಲ್ವ್‌ಗಳ (ಟ್ರಾನ್ಸಿಸ್ಟರಿಗೆ ಮೊದಲಿನ ಕಾಲದ ನಿರ್ವಾತ ಗಾಜಿನ ಕೊಳವೆಗಳ) ವಿಷಯದಲ್ಲಿ ಹೊಸಬ.

ಸೆಟ್ಟಿನ ರಚನೆ ಹೀಗಿದೆ. ಅಲ್ಯೂಮಿನಿಯಂ ಚಾಸಿಯ ಎಡಬದಿಯಲ್ಲಿ 6ವಿ6 ವಾಲ್ವ್‌ನ ಕ್ರಿಸ್ಟಲ್ ಆಸಿಲೇಟರ್ (ಸಿಗ್ನಲ್ ಹುಟ್ಟಿಸುವ ಭಾಗ), ಬಲಬದಿಯಲ್ಲಿ ಅದನ್ನು ಬಲಪಡಿಸುವ ಅಂತಿಮ ಹಂತವಾಗಿ ಒಂದು 807 ವಾಲ್ವ್. ಆಸಿಲೇಟರಿಗೆ 5ವೈ3 ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಇರುವ ಪ್ರತ್ಯೇಕ ಸಪ್ಲೈ ಇದ್ದು 280 ವೋಲ್ಟ್ ಕೊಡುತ್ತದೆ. 807ಕ್ಕೆ 500-0-500 ವೋಲ್ಟ್ ಟ್ರಾನ್ಸ್‌ಫಾರ್ಮರ್, 5ಯು4ಜಿ ರೆಕ್ಟಿಫೈಯರ್, ಅದರ ಬೆನ್ನಿಗೇ ಒಂದು ಭಾರದ ಚೋಕ್ (ಕಬ್ಬಿಣದ ಮೇಲೆ ಸುತ್ತಿದ ತಂತಿಯ ಸುರುಳಿ), ಆಮೇಲೆ 8 ಮೈಕ್ರೋಫ್ಯಾರಡ್ 600 ವೋಲ್ಟಿನ ಎಣ್ಣೆ ತುಂಬಿದ ಕೆಪಾಸಿಟರ್. 807ರ ಗ್ರಿಡ್‌ನಿಂದ (ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ) ನೆಲಕ್ಕೆ 12 ಕಿಲೋಓಮ್ ರೆಸಿಸ್ಟರ್ ಮತ್ತು 10 ಮಿಲಿಆಂಪಿನ ಮೀಟರ್. ಪ್ಲೇಟ್ (ಎಲೆಕ್ಟ್ರಾನ್‌ಗಳು ಬಂದು ಸೇರುವ ತಗಡು) ದಾರಿಯಲ್ಲಿ 200 ಮಿಲಿಆಂಪಿನ ಮೀಟರ್. ಎರಡೂ ವಾಲ್ವ್‌ಗಳ ಕ್ಯಾಥೋಡ್‌ಗಳು (ಎಲೆಕ್ಟ್ರಾನ್ ಹೊಮ್ಮಿಸುವ ಭಾಗಗಳು) ಒಟ್ಟಿಗೆ ಮೋರ್ಸ್ ಕೀ ಮೂಲಕ ನೆಲಕ್ಕೆ ಸೇರುತ್ತವೆ. ಕ್ರಿಸ್ಟಲ್ ಹಳೆಯ ಎಫ್‌ಟಿ-243 ಮಾದರಿಯದು, 7 ಮೆಗಾಹರ್ಟ್ಸ್‌ನದು.

ಟ್ಯೂನಿಂಗ್ ಕಂಡೆನ್ಸರಿನ ರೆಕ್ಕೆಗಳ ನಡುವೆ ಕಣಜ ಕಟ್ಟಿದ್ದ ಮಣ್ಣಿನ ಗೂಡನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದು, ಟ್ರಾನ್ಸ್‌ಫಾರ್ಮರುಗಳನ್ನು ಅಂಗಳದ ಬಿಸಿಲಿನಲ್ಲಿ ಅಡಿಕೆಯ ಜೊತೆಗೇ ಒಣಗಿಸಿ, 100 ವಾಟ್ ಬಲ್ಬನ್ನು ಸೀರಿಸ್‌ನಲ್ಲಿಟ್ಟು ಮೊದಲ ಬಾರಿ ಕರೆಂಟು ಕೊಟ್ಟೆ. ಹೊಗೆಯೇನೂ ಬರಲಿಲ್ಲ. ಎಲ್ಲ ವಾಲ್ವ್‌ಗಳ ಹೀಟರುಗಳೂ ಉರಿಯುತ್ತವೆ. ಡಮ್ಮಿ ಲೋಡಿಗೆ (ಆಂಟೆನಾದ ಬದಲು ಪವರನ್ನು ಹೀರಿಕೊಳ್ಳುವ ರೆಸಿಸ್ಟರಿಗೆ) ಜೋಡಿಸಿ ನೋಡಿದಾಗ ಕಂಡ ತೊಂದರೆಗಳು ಇವು.

ಕೀ ಒತ್ತದೆ ಇರುವಾಗ 807ರ ಸಪ್ಲೈಯ ಹೈ ವೋಲ್ಟೇಜ್ 690 ವೋಲ್ಟ್ ಇರುತ್ತದೆ. ಒತ್ತಿದ ಕೂಡಲೇ 400ಕ್ಕೆ ಕುಸಿಯುತ್ತದೆ. ಕ್ರಿಸ್ಟಲ್ ಹಾಕಿ ಕೀ ಒತ್ತಿದರೆ ಗ್ರಿಡ್ ಕರೆಂಟ್ 1 ಮಿಲಿಆಂಪನ್ನು ಮೀರುವುದಿಲ್ಲ, 3.5ರ ಹತ್ತಿರ ಇರಬೇಕೆಂದು ದೊಡ್ಡಪ್ಪನ ಟಿಪ್ಪಣಿ ಪುಸ್ತಕದಲ್ಲಿದೆ. ಕ್ರಿಸ್ಟಲ್ ತೆಗೆದು ಕೀ ಒತ್ತಿದರಂತೂ ಗ್ರಿಡ್ ಮೀಟರಿನ ಸೂಜಿ ಸೊನ್ನೆಗಿಂತಲೂ ತುಸು ಎಡಕ್ಕೆ ಎಳೆಯುತ್ತದೆ, ಪ್ಲೇಟ್ ಕರೆಂಟ್ 150 ದಾಟುತ್ತದೆ, ಸ್ವಲ್ಪ ಹೊತ್ತಿನಲ್ಲಿ 807ರ ಪ್ಲೇಟ್ ಮಂದ ಕೆಂಪಾಗುತ್ತದೆ. ಇದರ ಜೊತೆಗೆ 807ರೊಳಗೆ ನೀಲಿ ಬೆಳಕು ಕಾಣುತ್ತದೆ. ಪಕ್ಕದ ರಿಸೀವರಿನಲ್ಲಿ ಕೇಳಿದರೆ ಟೋನ್ ಹಕ್ಕಿಯ ಉಲಿಯಂತೆ ಜಾರುತ್ತದೆ.

807 ಹಾಳಾಗಿದೆಯೇ? ಹೊಸದನ್ನು ತರಿಸುವ ಮೊದಲು ಬೇರೆ ಏನನ್ನು ಪರೀಕ್ಷಿಸಬೇಕು?

ಮಂಜೇಶ್ವರ_ಮಾಷ್ಟ್ರು ಉತ್ತರಿಸಿದ್ದು:

ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಅಳತೆಗಳನ್ನು ಇಷ್ಟು ಸರಿಯಾಗಿ ಕೊಟ್ಟು ಕೇಳುವವರು ಕಡಿಮೆ. ಆದರೆ ಮುಂದಿನ ಪರೀಕ್ಷೆಗೆ ಮುನ್ನ ದಯವಿಟ್ಟು ಸೆಟ್ಟಿನ ಪ್ಲಗ್ಗನ್ನು ಕಿತ್ತಿಡಿ, ಏಕೆಂದರೆ ನಿಮ್ಮ ಮೊದಲ ಲಕ್ಷಣವೇ ಅಪಾಯದ್ದು.

ರೆಕ್ಟಿಫೈಯರಿನ ನಂತರ ಮೊದಲು ಚೋಕ್ ಬರುವ ಸಪ್ಲೈಯಲ್ಲಿ ಸಿಗಬೇಕಾದ ಡಿಸಿ ವೋಲ್ಟೇಜ್, ಟ್ರಾನ್ಸ್‌ಫಾರ್ಮರಿನ ಒಂದು ಬದಿಯ ವೋಲ್ಟೇಜಿನ ಸುಮಾರು 0.9 ಪಾಲು. ನಿಮ್ಮಲ್ಲಿ ಅದು 450. ವಾಲ್ವ್ ಮತ್ತು ಚೋಕ್ ತಿನ್ನುವುದನ್ನು ಕಳೆದರೆ ಇನ್ನಷ್ಟು ಕಡಿಮೆ. ಹೀಗಾಗಬೇಕಾದರೆ ಚೋಕ್‌ನ ಮೂಲಕ ಸದಾ ಒಂದಿಷ್ಟು ಕರೆಂಟ್ ಹರಿಯುತ್ತಿರಬೇಕು. ಹರಿಯದಿದ್ದರೆ ಚೋಕ್ ಇದ್ದೂ ಇಲ್ಲದಂತಾಗಿ ಕೆಪಾಸಿಟರ್ ಎಸಿಯ ಶಿಖರದವರೆಗೆ ತುಂಬಿಕೊಳ್ಳುತ್ತದೆ. 500ರ ಶಿಖರ 707 ವೋಲ್ಟ್. ನೀವು ಅಳೆದ 690 ಹೇಳುತ್ತಿರುವುದು ಇದನ್ನೇ: ಕೆಪಾಸಿಟರಿಗೆ ಅಡ್ಡಲಾಗಿ ಇರಬೇಕಾದ ಬ್ಲೀಡರ್ ರೆಸಿಸ್ಟರ್ ಎಲ್ಲಿಯೋ ಕಡಿದುಹೋಗಿದೆ. 600 ವೋಲ್ಟಿನ ಕೆಪಾಸಿಟರ್ 690ನ್ನು ಹೊತ್ತು ನಿಂತಿರುವುದು ಒಂದು ಕಳವಳವಾದರೆ, ಸ್ವಿಚ್ ಆರಿಸಿದ ಮೇಲೂ ಆ ಚಾರ್ಜು ಇಳಿಯಲು ದಾರಿಯೇ ಇಲ್ಲದಿರುವುದು ಅದಕ್ಕಿಂತ ದೊಡ್ಡದು. ಕೀ ತೆರೆದಿರುವಾಗ 807 ಕರೆಂಟ್ ಎಳೆಯುವುದಿಲ್ಲ; ಆದ್ದರಿಂದ ರಾತ್ರಿ ಆರಿಸಿದ ಸೆಟ್ಟು ಬೆಳಿಗ್ಗೆ ಮುಟ್ಟಿದಾಗಲೂ ಹೊಡೆಯಬಹುದು.

ಒಂದು ಮೊಳದಷ್ಟು ಉದ್ದದ ಪಿವಿಸಿ ಪೈಪಿನ ತುದಿಗೆ 10 ವಾಟಿನ 5 ಕಿಲೋಓಮ್ ರೆಸಿಸ್ಟರ್ ಕಟ್ಟಿ, ಅದರ ಒಂದು ಕೊನೆಯನ್ನು ದಪ್ಪ ವಯರಿನಿಂದ ಚಾಸಿಗೆ ಬಿಗಿದುಕೊಳ್ಳಿ. ಪ್ಲಗ್ ಕಿತ್ತ ಮೇಲೆ ಇನ್ನೊಂದು ಕೊನೆಯನ್ನು ಕೆಪಾಸಿಟರಿನ ತುದಿಗೆ ಒಂದೆರಡು ಸೆಕೆಂಡು ಮುಟ್ಟಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಬಳಿಕವೇ ಕೈ ಹಾಕಬೇಕು. ಸ್ಕ್ರೂಡ್ರೈವರಿನಿಂದ ನೇರವಾಗಿ ಶಾರ್ಟ್ ಮಾಡುವ ಅಭ್ಯಾಸ ಕೆಲವರಿಗಿದೆ. ಅದು ಕೆಪಾಸಿಟರಿಗೂ ಕೆಟ್ಟದು, ಎದೆಗೂ ಕೆಟ್ಟದು.

ಇನ್ನು ಗ್ರಿಡ್ ಮೀಟರಿನ ವಿಚಾರ, ನನಗೆ ಇದರಲ್ಲಿಯೇ ಹೆಚ್ಚು ರುಚಿ. ಆಸಿಲೇಟರಿನಿಂದ ಸಾಕಷ್ಟು ಡ್ರೈವ್ ಬಂದಾಗ 807ರ ಗ್ರಿಡ್ ಪ್ರತಿ ಸುತ್ತಿನಲ್ಲಿಯೂ ಕ್ಷಣಕಾಲ ಪಾಸಿಟಿವ್ ಆಗಿ ಎಲೆಕ್ಟ್ರಾನ್‌ಗಳನ್ನು ಹಿಡಿಯುತ್ತದೆ. ಅವು 12 ಕಿಲೋಓಮ್ ರೆಸಿಸ್ಟರಿನ ಮೂಲಕ ನೆಲಕ್ಕೆ ಇಳಿಯುತ್ತವೆ. 3.5 ಮಿಲಿಆಂಪ್ ಹರಿದರೆ ಗ್ರಿಡ್ ಮೇಲೆ 42 ವೋಲ್ಟ್ ನೆಗೆಟಿವ್ ಬಯಾಸ್ (ವಾಲ್ವ್‌ನ ಕರೆಂಟನ್ನು ತಡೆದಿಡುವ ಸ್ಥಿರ ವೋಲ್ಟೇಜ್) ತಾನಾಗಿ ನಿಲ್ಲುತ್ತದೆ, 807ರ ತಯಾರಕರು ಕೇಳುವ 45ಕ್ಕೆ ಅದು ಸಾಕಷ್ಟು ಹತ್ತಿರ. ಸೂಜಿ ಸೊನ್ನೆಯಿಂದ ಎಡಕ್ಕೆ ಎಳೆಯಿತೆಂದರೆ ಅದೇ ರೆಸಿಸ್ಟರಿನಲ್ಲಿ ಕರೆಂಟ್ ತಿರುಗಿ ಹರಿಯುತ್ತಿದೆ ಎಂದು ಅರ್ಥ. ಗ್ರಿಡ್ ನೆಗೆಟಿವ್ ಆಗುವ ಬದಲು ಒಂದೆರಡು ವೋಲ್ಟ್ ಪಾಸಿಟಿವ್ ಆಗಿ ಕುಳಿತಿದೆ. ಹಾಗಿದ್ದ ಮೇಲೆ ಪ್ಲೇಟ್ ಕೆಂಪಾಗದೆ ಇನ್ನೇನಾದೀತು?

ಇದಕ್ಕೆ ಕಾರಣ ಎರಡರಲ್ಲಿ ಒಂದು. ಆಸಿಲೇಟರಿನ ಪ್ಲೇಟಿನಿಂದ 807ರ ಗ್ರಿಡ್‌ಗೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದ್ದು 280 ವೋಲ್ಟಿನ ಸಪ್ಲೈಯನ್ನು ಗ್ರಿಡ್‌ಗೆ ಹನಿಸುತ್ತಿರಬಹುದು; ಇಲ್ಲವೇ 807ರ ನಿರ್ವಾತ ಕೆಟ್ಟು ಒಳಗೆ ಅನಿಲ ಸೇರಿರಬಹುದು. ಎರಡೂ ಸೂಜಿಯನ್ನು ಒಂದೇ ದಿಕ್ಕಿಗೆ ಎಳೆಯುತ್ತವೆ. ಬಿಡಿಸಿ ನೋಡುವ ಉಪಾಯ ಸರಳವಾಗಿದೆ, ಅದಕ್ಕೆ ಹೈ ವೋಲ್ಟೇಜ್ ಬೇಕಾಗಿಯೂ ಇಲ್ಲ. 5ಯು4ಜಿಯನ್ನೂ 807ನ್ನೂ ಸಾಕೆಟ್ಟಿನಿಂದ ಕಿತ್ತಿಡಿ. ಕ್ರಿಸ್ಟಲ್ ಬೇಡ, ಕೀ ತೆರೆದೇ ಇರಲಿ. ಈಗ ಆಸಿಲೇಟರಿನ ಸಪ್ಲೈ ಮಾತ್ರ ಬರುವಂತೆ ಸೆಟ್ಟನ್ನು ಹಾಕಿ, 807 ಸಾಕೆಟ್ಟಿನ 3ನೇ ಪಿನ್ನಿನಿಂದ ಚಾಸಿಗೆ ವೋಲ್ಟೇಜ್ ಅಳೆಯಿರಿ. ವಾಲ್ವೇ ಇಲ್ಲದಿರುವಾಗ ಅಲ್ಲಿ ಸೊನ್ನೆ ಇರಬೇಕು. ಪಾಸಿಟಿವ್ ವೋಲ್ಟೇಜ್ ಕಂಡರೆ 807 ನಿರಪರಾಧಿ.

ಕಪ್ಲಿಂಗ್ ಕೆಪಾಸಿಟರ್ ಮೈಕಾದ್ದು, ಅದು ಕೆಡುವುದಿಲ್ಲ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನಮ್ಮ ಕರಾವಳಿಯ ತೇವದಲ್ಲಿ ಡಿಸಿ ವೋಲ್ಟೇಜ್ ಹೊತ್ತ ಮೈಕಾ ಹಾಳೆಗಳ ಮೇಲೆ ಬೆಳ್ಳಿಯ ಲೇಪ ನಿಧಾನವಾಗಿ ಹರಡಿ ಸೋರುವ ದಾರಿ ಮಾಡಿಕೊಳ್ಳುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಗೆ ಇದು ಸಿಕ್ಕದೆಯೂ ಇರಬಹುದು. ಅದರೊಳಗಿನ ಬ್ಯಾಟರಿಯ ವೋಲ್ಟೇಜ್ ಅಷ್ಟು ಚಿಕ್ಕದು.

ತಾಳವಾಡಿ_ವಾಲ್ವ್ ಉತ್ತರಿಸಿದ್ದು:

ಮಾಷ್ಟ್ರು ಹೇಳಿದ ಪರೀಕ್ಷೆಗೆ ನಾನೇನೂ ಸೇರಿಸಬೇಕಾಗಿಲ್ಲ. ನೀಲಿ ಬೆಳಕಿನ ಬಗ್ಗೆ ಮಾತ್ರ ಹೇಳುತ್ತೇನೆ, ಇದನ್ನು ನೋಡಿಯೇ ಎಷ್ಟೋ ಒಳ್ಳೆಯ 807ಗಳನ್ನು ಜನ ಎಸೆದಿದ್ದಾರೆ. ಬೆಳಕು ಗಾಜಿನ ಒಳಮೈಗೆ ಅಂಟಿದಂತೆ ಇದ್ದು, ಕರೆಂಟ್ ಏರಿಳಿದಂತೆ ಕುಣಿಯುತ್ತಿದ್ದರೆ ಅದು ದಾರಿ ತಪ್ಪಿ ಬಂದ ಎಲೆಕ್ಟ್ರಾನ್‌ಗಳು ಗಾಜಿಗೆ ಬಡಿದು ಹುಟ್ಟಿಸುವ ಹೊಳಪು, ನಿರುಪದ್ರವಿ. ಕ್ಯಾಥೋಡಿಗೂ ಪ್ಲೇಟಿಗೂ ನಡುವಿನ ಜಾಗದಲ್ಲಿ ಗುಲಾಬಿ-ನೇರಳೆ ಮಂಜು ಕವಿದಂತೆ ಕಂಡರೆ ಮಾತ್ರ ಅನಿಲ. ಗಾಜಿಗೆ ಅಂಟಿದ ಬೆಳ್ಳಿಬಣ್ಣದ ಗೆಟರ್ (ಒಳಗೆ ಉಳಿದ ಅನಿಲವನ್ನು ಹೀರುವ ಲೇಪ) ಕಲೆಯನ್ನೂ ನೋಡಿ. ಅದು ಹಾಲಿನಂತೆ ಬಿಳಿಚಿದ್ದರೆ ಒಳಗೆ ಗಾಳಿ ಹೊಕ್ಕಿದೆ.

807 ಸುಲಭವಾಗಿ ಸಾಯುವ ವಾಲ್ವ್ ಅಲ್ಲ. ಅಮೆರಿಕದ ಆರ್‌ಸಿಎ ಕಂಪನಿ 1936ರ ಸುಮಾರಿಗೆ ತಂದ ಇದನ್ನು ಎರಡನೆಯ ಮಹಾಯುದ್ಧದಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಿಸಿದರು. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನ ಮಾಲಾಗಿ ಹ್ಯಾಮ್‌ಗಳ ಕೈಗೆ ಬಂದದ್ದು ಹೀಗೆಯೇ. ಬೇಕೇ ಆದರೆ ಸಿವಿ124, ಕ್ಯೂಇ06/50, ರಷ್ಯಾದ ಜಿ-807, ಈ ಯಾವ ಹೆಸರಿನಲ್ಲಿ ಸಿಕ್ಕಿದರೂ ಅದೇ ವಾಲ್ವ್. 1625 ಎಂಬುದು ಮಾತ್ರ ಬೇರೆ. ಅದರ ಗುಣ ಒಂದೇ ಆದರೂ ಹೀಟರಿಗೆ 12.6 ವೋಲ್ಟ್ ಬೇಕು, ಕೆಳಗೆ 7 ಪಿನ್ನುಗಳಿರುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೋ ಚೆನ್ನೈಯ ರಿಚಿ ಸ್ಟ್ರೀಟಿನಲ್ಲಿಯೋ ಯಾರಾದರೂ 807 ಎಂದು ಕೈಗಿತ್ತರೆ ಪಿನ್ ಎಣಿಸಿ ನೋಡಿ.

ಇನ್ನೊಂದು ಮಾತು. ಕೆಪಾಸಿಟರುಗಳನ್ನೆಲ್ಲ ಒಟ್ಟಿಗೆ ಕಿತ್ತು ಹೊಸದು ಹಾಕಿಬಿಡಿ ಎಂಬ ಸಲಹೆ ನಿಮಗೆ ಬಂದೇ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಮೇಣದ ಕಾಗದದವನ್ನೂ ಎಲೆಕ್ಟ್ರೋಲೈಟಿಕ್‌ಗಳನ್ನೂ ಅನುಮಾನವಿಲ್ಲದೆ ಬದಲಿಸಿ. ಸೆರಾಮಿಕ್‌ಗಳನ್ನೂ ಏರ್ ಕಂಡೆನ್ಸರುಗಳನ್ನೂ ಮುಟ್ಟಬೇಡಿ. ಎಣ್ಣೆಯ ಕೆಪಾಸಿಟರ್ ಸೋರದೆ ಉಬ್ಬದೆ ಇದ್ದರೆ ಇರಲಿ, ಆದರೆ ಆ ಕಾಲದವುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರುವುದುಂಟು. ಡಬ್ಬಿಯ ಮೇಲೆ ಜಿಡ್ಡು ಕಂಡರೆ ಬರಿಗೈಯಲ್ಲಿ ಒರೆಸಬೇಡಿ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಸೆಟ್ಟು ಸರಿಯಾದರೂ ಯಾವುದರಿಂದ ಕೆಟ್ಟಿತ್ತೆಂದು ತಿಳಿಯುವುದಿಲ್ಲ, ಸರಿಯಾಗದಿದ್ದರೆ ಹಳೆಯ ದೋಷದ ಜೊತೆಗೆ ಹೊಸ ಬೆಸುಗೆಯ ದೋಷವೂ ಸೇರಿರುತ್ತದೆ.

ಪೆರ್ಲ_ಹಳೆಮನೆ ಬರೆದದ್ದು:

ಮಾಷ್ಟ್ರೇ, ನೀವು ಹೇಳಿದಂತೆಯೇ ಮಾಡಿದೆ. 807 ಇಲ್ಲದ ಸಾಕೆಟ್ಟಿನ 3ನೇ ಪಿನ್ನಿನಲ್ಲಿ 3.1 ವೋಲ್ಟ್ ಪಾಸಿಟಿವ್ ಸಿಕ್ಕಿತು. ಕಪ್ಲಿಂಗ್ ಕೆಪಾಸಿಟರ್ ಕಂದುಬಣ್ಣದ ಚಪ್ಪಟೆ ಬಿಲ್ಲೆ, ಮುಖದ ಮೇಲೆ ಆರು ಬಣ್ಣದ ಚುಕ್ಕೆಗಳು. ಅದರ ಒಂದು ಕಾಲನ್ನು ಬಿಡಿಸಿ ಮತ್ತೆ ಅಳೆದರೆ ಸೊನ್ನೆ. ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಮಾತ್ರ ಈ ಬಿಲ್ಲೆ ಪೂರ್ತಿ ಸರಿಯಿದ್ದಂತೆಯೇ ತೋರುತ್ತದೆ.

ಬ್ಲೀಡರ್ ಚಾಸಿಯ ಕೆಳಗೆ ಚೋಕ್‌ನ ಮರೆಯಲ್ಲಿತ್ತು. ಹಸಿರು ಎನಾಮೆಲ್ ಬಳಿದ, ಬೆರಳುದ್ದದ ವೈರ್‌ವೌಂಡ್ ರೆಸಿಸ್ಟರ್. ಹೊರನೋಟಕ್ಕೆ ಸರಿಯಿದ್ದರೂ ಟಾರ್ಚ್ ಹಿಡಿದು ತಿರುಗಿಸಿದಾಗ ಒಂದು ಕೊನೆಯ ಹತ್ತಿರ ಕೂದಲೆಳೆಯ ಬಿರುಕು, ಬಿರುಕಿನ ಅಂಚಿನಲ್ಲಿ ಕಿಲುಬು ಕಾಣಿಸಿತು. ಅಳೆದರೆ ಪೂರ್ತಿ ತೆರೆದಿದೆ. ಮೇಲಿನ ಅಕ್ಷರಗಳು ಅಳಿಸಿಹೋಗಿರುವುದರಿಂದ ಎಷ್ಟು ಓಮಿನದು ಹಾಕಬೇಕೆಂದು ತಿಳಿಯದು.

ತಾಳವಾಡಿಯವರೇ, ನೀಲಿ ಬೆಳಕು ಗಾಜಿನ ಮೇಲೆಯೇ ಇದೆ, ನಡುವೆ ಮಂಜಿಲ್ಲ. ಗೆಟರ್ ಕನ್ನಡಿಯಂತೆ ಹೊಳೆಯುತ್ತಿದೆ.

ಮಂಜೇಶ್ವರ_ಮಾಷ್ಟ್ರು ಉತ್ತರಿಸಿದ್ದು:

ಲೆಕ್ಕ ಹಾಕಿ ನೋಡೋಣ. 12 ಕಿಲೋಓಮಿನಲ್ಲಿ 3.1 ವೋಲ್ಟ್ ನಿಲ್ಲಬೇಕಾದರೆ ಸುಮಾರು 0.26 ಮಿಲಿಆಂಪ್ ಹರಿಯಬೇಕು. ಉಳಿದ 277 ವೋಲ್ಟನ್ನು ಅದರಿಂದ ಭಾಗಿಸಿದರೆ ಕೆಪಾಸಿಟರಿನ ಸೋರಿಕೆ ಹತ್ತಿರ ಹತ್ತಿರ 1 ಮೆಗಾಓಮ್. ನೂರಾರು ಮೆಗಾಓಮ್ ಇರಬೇಕಾದಲ್ಲಿ ಒಂದೇ ಇದೆ. ಅದರ ಜಾಗಕ್ಕೆ 100 ಪಿಕೋಫ್ಯಾರಡ್, 1000 ವೋಲ್ಟಿನ ಮೈಕಾ ಅಥವಾ ಸ್ಥಿರಗುಣದ ಸೆರಾಮಿಕ್ ಕೆಪಾಸಿಟರ್ ಹಾಕಿ.

ಬ್ಲೀಡರಿಗೆ 20 ಕಿಲೋಓಮ್ ಸರಿಯಾಗುತ್ತದೆ. 440 ವೋಲ್ಟಿನಲ್ಲಿ ಅದು 22 ಮಿಲಿಆಂಪ್ ಎಳೆಯುತ್ತದೆ. ಚೋಕ್‌ಗೆ ಎಷ್ಟು ಕನಿಷ್ಠ ಕರೆಂಟ್ ಬೇಕೆಂಬುದಕ್ಕೆ ಹಳಬರ ಸುಲಭ ಸೂತ್ರವೊಂದಿದೆ: ವೋಲ್ಟನ್ನು ಮಿಲಿಆಂಪಿನಿಂದ ಭಾಗಿಸಿದಾಗ ಬರುವ ಸಂಖ್ಯೆಗಿಂತ ಚೋಕ್‌ನ ಹೆನ್ರಿ ಕಡಿಮೆ ಇರಬಾರದು. ಇಲ್ಲಿ 20 ಹೆನ್ರಿ ಬರುತ್ತದೆ. ಆ ಗಾತ್ರದ ಚೋಕ್ ಕಡಿಮೆ ಕರೆಂಟಿನಲ್ಲಿ ಅಷ್ಟು ಕೊಡುವ ಸಾಧ್ಯತೆ ಚೆನ್ನಾಗಿದೆ. ರೆಸಿಸ್ಟರಿನಲ್ಲಿ ಶಾಖವಾಗಿ ಹೋಗುವುದು 10 ವಾಟಿನಷ್ಟು, ಆದ್ದರಿಂದ 25 ವಾಟಿನದೇ ಇರಲಿ. ಹಾಕುವಾಗ ಎಲೆಕ್ಟ್ರೋಲೈಟಿಕ್‌ಗಳಿಂದ ದೂರ, ಗಾಳಿಯಾಡುವ ಕಡೆ ಕೂರಿಸಿ.

807ರ ಕ್ಯಾಥೋಡ್ ದಾರಿಯಲ್ಲಿ 270 ಓಮ್, 10 ವಾಟಿನ ರೆಸಿಸ್ಟರ್ ಒಂದನ್ನು ಸೇರಿಸುವುದು ಒಳ್ಳೆಯದು. ಈಗಿನ ರಚನೆಯಲ್ಲಿ ಆಸಿಲೇಟರ್ ನಿಂತುಹೋದರೆ 807ಕ್ಕೆ ಬಯಾಸೇ ಇರುವುದಿಲ್ಲ. ಈ ರೆಸಿಸ್ಟರ್ ಪೂರ್ಣ ರಕ್ಷಣೆ ಕೊಡದಿದ್ದರೂ ಕೈ ಸ್ವಿಚ್ಚಿಗೆ ತಲಪುವಷ್ಟು ಹೊತ್ತು ವಾಲ್ವನ್ನು ಕಾಯುತ್ತದೆ.

ಕುಂಬಳೆ_ವಯರಿಂಗ್ ಉತ್ತರಿಸಿದ್ದು:

ನಾನು ಹ್ಯಾಮ್ ಅಲ್ಲ, ಮನೆ ವಯರಿಂಗ್ ಮತ್ತು ಪಂಪಿನ ಕೆಲಸ ಮಾಡುವವನು. ಹಳೆಯ ವಾಲ್ವ್ ರೇಡಿಯೋಗಳನ್ನು ಹವ್ಯಾಸಕ್ಕಾಗಿ ರಿಪೇರಿ ಮಾಡುತ್ತೇನೆ. ಗೋಡೆಯ ಪ್ಲಗ್ಗಿನಿಂದ ಸೆಟ್ಟಿನವರೆಗಿನ ಭಾಗದ ಬಗ್ಗೆ ಯಾರೂ ಹೇಳದ ಕಾರಣ ಬರೆಯುತ್ತಿದ್ದೇನೆ.

ಆ ಕಾಲದ ಸೆಟ್ಟುಗಳಲ್ಲಿ ಎರಡು ಪಿನ್ನಿನ ಪ್ಲಗ್ ಇರುತ್ತಿತ್ತು. ನಿಮ್ಮದೂ ಹಾಗೆಯೇ ಇದ್ದರೆ ಮೂರು ಪಿನ್ನಿನದು ಹಾಕಿ ಚಾಸಿಯನ್ನು ಅರ್ಥ್‌ಗೆ ಕಟ್ಟಿ. ಕರೆಂಟು ಒಳಬರುವಲ್ಲಿ ಫೇಸಿನಿಂದ ಚಾಸಿಗೆ ಒಂದು ಕಾಗದದ ಕೆಪಾಸಿಟರ್ ಹಾಕಿರುವುದು ಹೆಚ್ಚಿನ ಹಳೆಯ ಸೆಟ್ಟುಗಳಲ್ಲಿ ಕಾಣುತ್ತದೆ. ಅದು ಸೋರತೊಡಗಿದರೆ ಚಾಸಿ ಪೂರ್ತಿ ಶಾಕ್ ಹೊಡೆಯುತ್ತದೆ. ಅದನ್ನು ತೆಗೆದು, ಈ ಕೆಲಸಕ್ಕೆಂದೇ ಬರುವ ವೈ-ವರ್ಗದ ಕೆಪಾಸಿಟರ್ ಹಾಕಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ಅರ್ಥ್ ಎಂಬುದು ಹೆಸರಿಗೆ ಮಾತ್ರ ಇರುವ ಮನೆಗಳು ಬಹಳ. ಮಳೆಗಾಲದಲ್ಲಿ ಸರಿಯಿದ್ದ ಗುಂಡಿ ಮಾರ್ಚ್ ತಿಂಗಳಲ್ಲಿ ಒಣಗಿ ಕೆಲಸ ನಿಲ್ಲಿಸಿರುತ್ತದೆ. ಇದ್ದಲು, ಉಪ್ಪು ಹಾಕಿದ ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆಯೋ ಬಾಳೆಯ ಬುಡದ ಹತ್ತಿರವೋ ಮಾಡಿಸಿದರೆ ವರ್ಷವಿಡೀ ತೇವ ಉಳಿಯುತ್ತದೆ.

ಟ್ರಾನ್ಸ್‌ಫಾರ್ಮರುಗಳನ್ನು ಬಿಸಿಲಿಗಿಟ್ಟದ್ದು ಒಳ್ಳೆಯದಾಯಿತು, ಆದರೆ ತೇವ ಹೋಗಿದೆಯೇ ಎಂಬುದನ್ನು 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದೇ ನೋಡಬೇಕು. ಸುರುಳಿಗೂ ಕಬ್ಬಿಣಕ್ಕೂ ನಡುವೆ ಹತ್ತಾರು ಮೆಗಾಓಮ್ ಬರಬೇಕು. ಒಂದೆರಡು ಮಾತ್ರ ಬಂದರೆ, ಮರದ ಪೆಟ್ಟಿಗೆಯೊಳಗೆ 60 ವಾಟ್ ಬಲ್ಬಿನ ಜೊತೆ ಮತ್ತೆ ಕೆಲವು ದಿನ ಇಡಿ.

ನೀವು ಅಳತೆ ಮಾಡುವ ಹೊತ್ತಿಗೆ ಲೈನಿನಲ್ಲಿ ಎಷ್ಟು ವೋಲ್ಟ್ ಇದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ತೋಟದ ಪಂಪುಗಳೆಲ್ಲ ಓಡುವ ಹೊತ್ತಿನಲ್ಲಿ 190ಕ್ಕೆ ಇಳಿದದ್ದು ನಡುರಾತ್ರಿ 245ಕ್ಕೆ ಏರಿರುತ್ತದೆ. 220 ವೋಲ್ಟಿಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ಆಗಿದ್ದರೆ 245ರಲ್ಲಿ 6.3 ವೋಲ್ಟಿನ ಹೀಟರಿಗೆ 7 ವೋಲ್ಟ್ ಬೀಳುತ್ತದೆ, ವಾಲ್ವ್‌ನ ಆಯುಸ್ಸು ಹೋಗುವುದು ಅಲ್ಲಿ. ಬೆಳಿಗ್ಗೆ ಒಂದು ಅಳತೆ, ಸಂಜೆ ಇನ್ನೊಂದು ಮಾಡಿ ಹೋಲಿಸಿದರೆ ಇಲ್ಲದ ದೋಷವನ್ನು ಹುಡುಕುತ್ತ ಕೂರಬೇಕಾಗುತ್ತದೆ.

ಪೆರ್ಲ_ಹಳೆಮನೆ ಬರೆದದ್ದು:

ಎಲ್ಲರ ಸಲಹೆಯಂತೆ ಕೆಲಸ ಮುಗಿಸಿ ಈ ಅಳತೆಗಳನ್ನು ಹಾಕುತ್ತಿದ್ದೇನೆ. ಲೈನ್ 232 ವೋಲ್ಟ್ ಇರುವಾಗ ಹೀಟರ್ 6.5. ಕುಂಬಳೆಯ ಅಣ್ಣ ಊಹಿಸಿದಂತೆ ಫೇಸಿನಿಂದ ಚಾಸಿಗೆ ಮೇಣದ ಕೆಪಾಸಿಟರ್ ಇತ್ತು, ತೆಗೆದಿದ್ದೇನೆ. ಹೊಸ ಬ್ಲೀಡರ್ ಹಾಕಿದ ಮೇಲೆ ಹೈ ವೋಲ್ಟೇಜ್ ಕೀ ತೆರೆದಾಗ 440, ಒತ್ತಿದಾಗ 405. ಸ್ವಿಚ್ ಆರಿಸಿದರೆ ಒಂದು ಸೆಕೆಂಡಿನೊಳಗೆ ಇಳಿದುಹೋಗುತ್ತದೆ.

ಕಪ್ಲಿಂಗ್ ಕೆಪಾಸಿಟರ್ ಬದಲಿಸಿದಾಗ ಸೂಜಿ ಹಿಂದಕ್ಕೆ ಹೋಗುವುದು ನಿಂತಿತಾದರೂ ಗ್ರಿಡ್ ಕರೆಂಟ್ 1.8ಕ್ಕಿಂತ ಮೇಲೇರಲಿಲ್ಲ. ಆಸಿಲೇಟರಿನ ರೆಸಿಸ್ಟರುಗಳನ್ನು ಒಂದೊಂದಾಗಿ ಅಳೆಯುತ್ತ ಹೋದಾಗ 6ವಿ6ರ ಸ್ಕ್ರೀನಿಗೆ (ವಾಲ್ವ್‌ನ ಎರಡನೆಯ ಗ್ರಿಡ್‌ಗೆ) ಹೋಗುವ ಕಾರ್ಬನ್ ರೆಸಿಸ್ಟರ್ ಸಿಕ್ಕಿತು. ಹಳದಿ, ನೇರಳೆ, ಕಿತ್ತಳೆ ಪಟ್ಟಿಗಳ ಪ್ರಕಾರ 47 ಕಿಲೋಓಮ್ ಇರಬೇಕಾದದ್ದು 81 ತೋರಿಸಿತು. ಅದನ್ನು ಬದಲಿಸಿದ ಮೇಲೆ ಗ್ರಿಡ್ ಕರೆಂಟ್ 3.4.

1 ಕಿಲೋಓಮ್, 2 ವಾಟಿನ 20 ರೆಸಿಸ್ಟರುಗಳನ್ನು ಪ್ಯಾರಲಲ್‌ನಲ್ಲಿ ಬೆಸೆದು 50 ಓಮಿನ ಡಮ್ಮಿ ಲೋಡ್ ಮಾಡಿಕೊಂಡಿದ್ದೇನೆ. ಪ್ಲೇಟ್ ಕರೆಂಟ್ ಟ್ಯೂನಿಂಗಿನಲ್ಲಿ ಈಗ ಸ್ಪಷ್ಟವಾಗಿ ತಗ್ಗುತ್ತದೆ. ಲೋಡ್ ಏರಿಸಿ 95 ಮಿಲಿಆಂಪಿಗೆ ನಿಲ್ಲಿಸಿದಾಗ ಡಮ್ಮಿ ಲೋಡಿನ ಮೇಲೆ ಶಿಖರ ವೋಲ್ಟೇಜ್ 49, ಅಂದರೆ 24 ವಾಟ್. ಒಳಹೋಗುವ ಪವರ್ 38 ವಾಟಿನಷ್ಟಾಗುವುದರಿಂದ ಇದು ಸರಿಯಿರಬಹುದೆಂದು ಭಾವಿಸುತ್ತೇನೆ. ಪ್ಲೇಟ್ ಕೆಂಪಾಗುವುದಿಲ್ಲ.

ಉಳಿದಿರುವುದು ಟೋನ್ ಜಾರುವುದೊಂದೇ. ಮೊದಲಿಗಿಂತ ಕಡಿಮೆಯಾಗಿದೆ, ಆದರೂ ಪ್ರತಿ ಡ್ಯಾಷ್‌ನ ಆರಂಭದಲ್ಲಿ ಕೇಳುತ್ತದೆ. ಕೀಯ ಲೋಹದ ಭಾಗವನ್ನು ಮುಟ್ಟಿದಾಗ ಒಮ್ಮೆ ಸಣ್ಣದಾಗಿ ಶಾಕ್ ಕೂಡ ಹೊಡೆಯಿತು.

ತಾಳವಾಡಿ_ವಾಲ್ವ್ ಉತ್ತರಿಸಿದ್ದು:

38ಕ್ಕೆ 24 ಎಂದರೆ 807ರಿಂದ ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ. ಆಂಟೆನಾಕ್ಕೆ ಜೋಡಿಸುವ ಮುನ್ನ ಪ್ಲೇಟ್ ಕ್ಯಾಪಿನ ಹತ್ತಿರ 47 ಓಮಿನ ಕಾರ್ಬನ್ ರೆಸಿಸ್ಟರಿನ ಮೇಲೆ ನಾಲ್ಕೈದು ಸುತ್ತು ತಂತಿ ಸುತ್ತಿದ ಸಪ್ರೆಸರ್ ಇದೆಯೇ ನೋಡಿ. 807ರ ಗೇನ್ ಹೆಚ್ಚು; ತಂತಿಯ ಉದ್ದವೇ ಕಾಯಿಲಿನಂತಾಗಿ ವಿಎಚ್‌ಎಫ್‌ನಲ್ಲಿ (ಬಹಳ ಮೇಲಿನ ಫ್ರೀಕ್ವೆನ್ಸಿಯಲ್ಲಿ) ತಾನೇ ಆಸಿಲೇಟ್ ಮಾಡುವ ಚಟ ಅದಕ್ಕಿದೆ.

ಮಂಜೇಶ್ವರ_ಮಾಷ್ಟ್ರು ಉತ್ತರಿಸಿದ್ದು:

ಮೊದಲು ಕೀ. ಕ್ಯಾಥೋಡ್‌ನಲ್ಲಿ ಕೀ ಹಾಕಿದ ರಚನೆಯಲ್ಲಿ, ಕೀ ತೆರೆದಿರುವಾಗ ಕ್ಯಾಥೋಡ್ ಮೇಲೇರಿ ಕೀಯ ಎರಡು ಮುಖಗಳ ನಡುವೆ ನೂರರ ಆಸುಪಾಸಿನ ವೋಲ್ಟೇಜ್ ನಿಲ್ಲಬಹುದು. 12 ವೋಲ್ಟ್ ಕಾಯಿಲಿನ ಒಂದು ಚಿಕ್ಕ ರೀಡ್ ರಿಲೇಯನ್ನು (ಕಾಯಿಲಿಗೆ ಕರೆಂಟ್ ಬಂದಾಗ ಸೇರಿಕೊಳ್ಳುವ ಸ್ವಿಚ್ಚನ್ನು) ಚಾಸಿಯೊಳಗೆ ಕೂರಿಸಿ, ಅದರ ಕಾಂಟ್ಯಾಕ್ಟ್ ಈ ವೋಲ್ಟೇಜನ್ನೂ ಕರೆಂಟನ್ನೂ ತಾಳುವಂಥದ್ದೇ ಎಂದು ನೋಡಿಕೊಂಡು, ಕ್ಯಾಥೋಡ್ ದಾರಿಯನ್ನು ಅದರ ಮೂಲಕ ಕೊಡಿ. ಕೈಯಲ್ಲಿರುವ ಕೀಗೆ 12 ವೋಲ್ಟ್ ಮಾತ್ರ ಬರಲಿ. ಇದರಿಂದ ಮೂಲ ರಚನೆ ಕೆಡುವುದಿಲ್ಲ, ಬೇಕೆಂದಾಗ ತೆಗೆಯಬಹುದು.

ಟೋನ್ ಜಾರುವುದಕ್ಕೆ ಕಾರಣ ಕ್ರಿಸ್ಟಲ್ ಮತ್ತು ಅದಕ್ಕೆ ಬೀಳುವ ಭಾರ. 6ವಿ6ರಂತಹ ಬಲವಾದ ವಾಲ್ವ್ ಆಸಿಲೇಟರ್ ಆಗಿದ್ದಾಗ ಕ್ರಿಸ್ಟಲಿನ ಮೂಲಕ ಹೆಚ್ಚು ಆರ್‌ಎಫ್ ಕರೆಂಟ್ ಹರಿದು ಕ್ವಾರ್ಟ್ಸ್ ಬಿಲ್ಲೆ ಬಿಸಿಯಾಗುತ್ತದೆ, ಬಿಸಿಯಾದಂತೆ ಫ್ರೀಕ್ವೆನ್ಸಿ ಸರಿಯುತ್ತದೆ. ಕೀ ಒತ್ತಿದ ಕ್ಷಣ ಸ್ಕ್ರೀನ್ ವೋಲ್ಟೇಜ್ ಕುಸಿಯುವುದೂ ಅದಕ್ಕೆ ಸೇರಿಕೊಳ್ಳುತ್ತದೆ. ವಿಆರ್-150 ರೆಗ್ಯುಲೇಟರ್ ವಾಲ್ವ್ ಸಿಕ್ಕರೆ 6ವಿ6ರ ಸ್ಕ್ರೀನನ್ನು 150 ವೋಲ್ಟಿಗೆ ಕಟ್ಟಿಹಾಕಿ. ಆ ವಾಲ್ವ್‌ಗೆ 5ರಿಂದ 40 ಮಿಲಿಆಂಪ್ ಒಳಗಿನ ಕರೆಂಟ್ ಹರಿಯುವಂತೆ ಅದರ ಸೀರಿಸ್ ರೆಸಿಸ್ಟರನ್ನು ಆರಿಸಬೇಕು. ಸ್ಕ್ರೀನ್ ವೋಲ್ಟೇಜ್ ಬದಲಾದಂತೆ ಗ್ರಿಡ್ ಕರೆಂಟ್ ಕೂಡ ಬದಲಾಗುತ್ತದೆ. 3ರವರೆಗೆ ಇಳಿದರೂ ಚಿಂತೆಯಿಲ್ಲ. ಕ್ರಿಸ್ಟಲಿನ ಸೀರಿಸ್‌ನಲ್ಲಿ 2 ವೋಲ್ಟ್, 60 ಮಿಲಿಆಂಪಿನ ಪುಟ್ಟ ಬಲ್ಬನ್ನು ಇಡುವ ಹಳೆಯ ಪದ್ಧತಿ ಈಗಲೂ ಉಪಯುಕ್ತ: ಬಲ್ಬು ಬೆಳಗಿದರೆ ಕರೆಂಟ್ ಜಾಸ್ತಿಯಾಗಿದೆ, ಮಿತಿ ಮೀರಿದರೆ ಕ್ರಿಸ್ಟಲಿಗೆ ಬದಲಾಗಿ ಬಲ್ಬೇ ಸುಟ್ಟುಹೋಗುತ್ತದೆ.

ಇಷ್ಟಾದರೂ ಜಾರಿದರೆ ಕ್ರಿಸ್ಟಲನ್ನೇ ತೆರೆದು ನೋಡಿ. ಎಫ್‌ಟಿ-243ರ ಮುಚ್ಚಳಕ್ಕೆ ಮೂರು ಸ್ಕ್ರೂಗಳಿರುತ್ತವೆ. ಸ್ಪ್ರಿಂಗ್ ಹಾರಿಹೋಗದಂತೆ ಬಿಳಿ ಬಟ್ಟೆಯ ಮೇಲಿಟ್ಟು ತೆಗೆಯಿರಿ. ಒಳಗೆ ಎರಡು ಲೋಹದ ತಗಡುಗಳ ನಡುವೆ ಕ್ವಾರ್ಟ್ಸ್ ಬಿಲ್ಲೆ ಇರುತ್ತದೆ, ಯಾವ ಮುಖ ಯಾವ ಕಡೆಗಿತ್ತೆಂದು ಗುರುತಿಟ್ಟುಕೊಳ್ಳಿ. ಬಿಲ್ಲೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒಣಗಿಸಿ, ಬೆರಳು ತಾಗಿಸದೆ ಮರಳಿ ಜೋಡಿಸಿ. ಉಜ್ಜಲು ಹೋಗಬೇಡಿ. ಬಿಲ್ಲೆ ಎಳ್ಳಷ್ಟು ತೆಳುವಾದರೂ ಫ್ರೀಕ್ವೆನ್ಸಿ ಮೇಲೇರಿಬಿಡುತ್ತದೆ, ಮತ್ತೆ ಇಳಿಸುವುದು ಸುಲಭವಲ್ಲ. ನಮ್ಮ 40 ಮೀಟರ್ ಬ್ಯಾಂಡ್ 7.000ದಿಂದ 7.200 ಮೆಗಾಹರ್ಟ್ಸ್ ವರೆಗೆ ಮಾತ್ರ ಇರುವುದರಿಂದ, ಆಂಟೆನಾಕ್ಕೆ ಜೋಡಿಸುವ ಮೊದಲು ಡಮ್ಮಿ ಲೋಡಿನಲ್ಲಿಯೇ ಫ್ರೀಕ್ವೆನ್ಸಿ ಕೌಂಟರ್ ಹಿಡಿದು ಸೆಟ್ಟು ಎಲ್ಲಿ ನಿಂತಿದೆ ಎಂದು ಅಳೆದು ಇಲ್ಲಿ ಬರೆಯಿರಿ.